ಹೆಬ್ಬೆಟ್ಟು ಮತ್ತು ನಾಲ್ಕು ಅಂಕಿ: ಜಕ್ಕಲಿಯ ದಿನಚರಿ

12 ಅಕ್ಟೋಬರ್ 2023, ಗುರುವಾರ

ಮಂಗಳೂರು ಕಡೆಯ ಸುದ್ದಿ ಇವತ್ತು ನಮ್ಮೂರ ಕಟ್ಟೆಗೂ ಬಂದು ಮುಟ್ಟಿತು. ಫೋನು ಬಂದಿಲ್ಲ, ಓಟಿಪಿ ಬಂದಿಲ್ಲ, ಯಾವ ಲಿಂಕನ್ನೂ ಒತ್ತಿಲ್ಲ. ಆದರೂ ಅಲ್ಲಿಯ ಜನರ ಖಾತೆಯಿಂದ ರೊಕ್ಕ ಹೋಗಿದೆ. ಹೋಗಿದ್ದು ಆಧಾರ್ ಮೂಲಕ, ಅಂದರೆ ಬ್ಯಾಂಕ್ ಮಿತ್ರ ಅನ್ನಿಸಿಕೊಂಡ ನಾನು ದಿನಾ ಈ ಕೋಣೆಯಲ್ಲಿ ಕೂತು ಯಾವ ದಾರಿಯಿಂದ ಜನರಿಗೆ ರೊಕ್ಕ ತೆಗೆದುಕೊಡುತ್ತೇನೋ ಅದೇ ದಾರಿಯಿಂದ. ಕಳೆದುಕೊಂಡವರಲ್ಲಿ ಹಲವರು ಅದಕ್ಕೆ ಮುಂಚೆ ಉಪನೋಂದಣಿ ಕಚೇರಿಗೆ ಹೋಗಿ ಆಸ್ತಿ ಪತ್ರಕ್ಕೆ ಬೆರಳು ಕೊಟ್ಟು ಬಂದವರಂತೆ. ಆ ಪತ್ರದ ನಕಲು ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಸಿಗುತ್ತಿತ್ತು. ನಕಲಿನಲ್ಲಿ ಬೆರಳಚ್ಚು, ಆಧಾರ್ ಸಂಖ್ಯೆ ಎರಡೂ ಒಂದೇ ಕಡೆ.

ನನ್ನ ಮಷಿನ್ನಿಗೆ ಬೇಕಾದದ್ದೂ ಅಷ್ಟೇ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಒಂದು ಬೆರಳು. ಒಂದು ಸಲಕ್ಕೆ ಹತ್ತು ಸಾವಿರದವರೆಗೆ ತೆಗೆಯಬಹುದು. ಕಾರ್ಡ್ ಬೇಡ, ಪಾಸ್‌ಬುಕ್ ಬೇಡ, ಗುಟ್ಟಿನ ಸಂಖ್ಯೆ ಏನೂ ಬೇಡ. ಬಡವರಿಗೆ ಅನುಕೂಲ ಆಗಲಿ ಅಂತ ಮಾಡಿದ ವ್ಯವಸ್ಥೆ. ಅನುಕೂಲ ಆಗಿರುವುದು ಸುಳ್ಳಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ, ಅಕ್ಕಿಯ ಬದಲಿಗೆ ತಲೆಗೆ 170ರಂತೆ ಬರುವ ಅನ್ನಭಾಗ್ಯದ ರೊಕ್ಕ, ಸಂಧ್ಯಾ ಸುರಕ್ಷಾದ ಪಗಾರ, ಇವಕ್ಕೆಲ್ಲ ಜನ ನರೇಗಲ್ಲಿಗೋ ರೋಣಕ್ಕೋ ಬಸ್ಸು ಹತ್ತುವುದು ತಪ್ಪಿದೆ.

ಸಾಲಿನಲ್ಲಿದ್ದ ಒಬ್ಬಾಕೆ ಕೇಳಿದಳು: “ಯಕ್ಕಾ, ನನ್ನ ಬೆರಳೂ ಯಾರರ ಕದ್ದಿದ್ರ ಏನ್ ಮಾಡೂದು?” ಹಿಂದೆ ನಿಂತವರು ನಕ್ಕರು. ಆಕೆ ನಗಲಿಲ್ಲ.

2018ರಲ್ಲಿ ತೆಲಂಗಾಣದಲ್ಲಿ ಸಿಮ್ ಮಾರುವವನೊಬ್ಬ ಇದನ್ನೇ ಮಾಡಿ ಸಿಕ್ಕಿಬಿದ್ದಿದ್ದ. ನೋಂದಣಿ ಇಲಾಖೆಯ ತಾಣದಿಂದ ಪತ್ರಗಳನ್ನು ಇಳಿಸಿಕೊಂಡು, ರಬ್ಬರ್ ಸ್ಟ್ಯಾಂಪ್ ಮಾಡುವ ಯಂತ್ರದಲ್ಲಿ ಜನರ ಬೆರಳಚ್ಚು ತಯಾರಿಸಿ, ಅವರ ಹೆಸರಲ್ಲಿ ಸಾವಿರಾರು ಸಿಮ್ ಚಾಲೂ ಮಾಡಿದ್ದ. ಐದು ವರ್ಷದ ಹಿಂದೆಯೇ ಊರೆಲ್ಲ ತಿಳಿದ ಕೈಚಳಕ ಇದು. ಆಮೇಲೂ ಪತ್ರಗಳ ಮೇಲಿನ ಬೆರಳನ್ನು ಮುಚ್ಚದೆ ಬಿಟ್ಟದ್ದಕ್ಕೆ ಯಾರಿಗೆ ಬೈಯಬೇಕೋ ತಿಳಿಯುವುದಿಲ್ಲ.

17 ಅಕ್ಟೋಬರ್ 2023, ಮಂಗಳವಾರ

ಬೆರಳಿಗೆ ಬೀಗ ಹಾಕಬಹುದು. ಎಂ-ಆಧಾರ್ ಆ್ಯಪ್‌ನಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು, ಬೇಕಾದಾಗ ತೆಗೆಯಬಹುದು. ಹಾಕಿಕೊಡ್ರಿ ಅಂತ ಇವತ್ತು ಕೆಲವರು ಬಂದರು. ಬಂದಮೇಲೆ ಒಂದೊಂದೇ ಗಂಟು ಬಿಚ್ಚತೊಡಗಿತು. ಓಟಿಪಿ ಹೋಗುವುದು ಆಧಾರಿಗೆ ಜೋಡಿಸಿದ ನಂಬರಿಗೆ, ಆ ನಂಬರು ಮಗನದು, ಮಗ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋಗಿದ್ದಾನೆ. ಬೀಗ ಬಿದ್ದರೆ ರೇಷನ್ ಅಂಗಡಿಯ ಮಷಿನ್ನಿನಲ್ಲೂ ಬೆರಳು ಹತ್ತುವುದಿಲ್ಲ, ತಿಂಗಳಿಗೊಮ್ಮೆ ತೆಗೆಯಬೇಕು, ಹಾಕಬೇಕು. ನನ್ನ ಮಷಿನ್ನಿನಲ್ಲೂ ಹತ್ತುವುದಿಲ್ಲ. ಹಾಗಾದರೆ ರೊಕ್ಕ ತೆಗೆಯುವುದು ಹೇಗೆ? ಕಾರ್ಡ್ ಹಾಕಿ, ಪಿನ್ ಒತ್ತಿ. ನನ್ನ ಮಷಿನ್ನಿಗೆ ಅದೂ ಬರುತ್ತದೆ. ಪಕ್ಕದಲ್ಲೇ ಸೀಳು ಇದೆ, ಹೆಚ್ಚು ಬಳಕೆಯಾಗದೆ ಅದರಲ್ಲಿ ಧೂಳು ಕೂತಿದೆ.

ಕಾರ್ಡುಗಳು ಎಲ್ಲಿವೆ ಅಂದರೆ ಟ್ರಂಕಿನಲ್ಲಿ. ಜನಧನ ಖಾತೆ ತೆಗೆದಾಗ ಕೊಟ್ಟ ರುಪೇ ಕಾರ್ಡು, ಅದರ ಜೊತೆಗೆ ಪಿನ್ ಇದ್ದ ಲಕೋಟೆ, ಕೆಲವದರ ಅಂಟು ಸಹ ಒಡೆದಿಲ್ಲ. ಒಡೆದವರು ಏನು ಮಾಡಿದ್ದಾರೆ ಅಂದರೆ, ಮರೆತುಹೋದೀತೆಂದು ಕಾರ್ಡಿನ ಪ್ಲಾಸ್ಟಿಕ್ ಚೀಲದ ಮೇಲೆ ಬಾಲ್‌ಪೆನ್ನಿನಲ್ಲಿ ಪಿನ್ ಬರೆದಿದ್ದಾರೆ. ಒಬ್ಬ ಅಜ್ಜಿಯ ಕಾರ್ಡಿನ ಬೆನ್ನಿಗೆ ಮೊಮ್ಮಗಳ ಮುದ್ದಾದ ಅಕ್ಷರದಲ್ಲಿ “ಅಜ್ಜಿ ಪಿನ್” ಅಂತ ತಲೆಬರಹವೂ ಇತ್ತು.

ಈ ಕಾರ್ಡಿಗೆ ಅಪಘಾತ ವಿಮೆ ಇದೆ ಅನ್ನುವುದೂ ಬಹಳ ಮಂದಿಗೆ ತಿಳಿದಿಲ್ಲ. 2018ರ ಆಗಸ್ಟ್ 28ರ ನಂತರ ತೆಗೆದ ಜನಧನ ಖಾತೆಗೆ ಎರಡು ಲಕ್ಷ, ಅದಕ್ಕಿಂತ ಹಳೆಯದಕ್ಕೆ ಒಂದು ಲಕ್ಷ. ಆದರೆ ಅಪಘಾತಕ್ಕೆ ಮುಂಚಿನ 90 ದಿನದೊಳಗೆ ಒಮ್ಮೆಯಾದರೂ ಕಾರ್ಡು ಬಳಸಿರಬೇಕು. ಟ್ರಂಕಿನಲ್ಲಿ ಮಲಗಿದ ಕಾರ್ಡಿಗೆ ಯಾವ ವಿಮೆಯೂ ಇಲ್ಲ. ಹೊಲಕ್ಕೆ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಹೋಗುವ ಹೆಣ್ಣುಮಕ್ಕಳಿಗೆ ಇದನ್ನು ಬ್ಯಾಂಕಿನವರು ಯಾಕೆ ಒತ್ತಿ ಹೇಳುವುದಿಲ್ಲವೋ.

ಬೆರಳಿನದು ಇನ್ನೊಂದು ತಾಪತ್ರಯ. ಕಳೆ ಕಿತ್ತು, ಶೇಂಗಾ ಸುಲಿದು, ಕಲ್ಲು ಹೊತ್ತ ಕೈಯಲ್ಲಿ ಗೆರೆಗಳೇ ಸವೆದಿರುತ್ತವೆ. ಒರೆಸು, ತಲೆಗೂದಲಿಗೆ ಉಜ್ಜು, ಹೆಬ್ಬೆಟ್ಟು ಬಿಟ್ಟು ನಡುಬೆರಳು ಇಡು, ಬಿಗಿಯಾಗಿ ಒತ್ತು, ಹಗುರಾಗಿ ಒತ್ತು. “ಬರಲಿಲ್ಲವ್ವಾ, ಇನ್ನೊಮ್ಮೆ ಇಡು.” ಈ ಮಾತನ್ನು ನಾನು ದಿನಾ ಹೇಳುತ್ತೇನೆ. ಕೆಟ್ಟ ಮನಸ್ಸಿನವರು ಇದೇ ಮಾತನ್ನು ಹೇಳಿ ಎರಡು ಸಲ ರೊಕ್ಕ ತೆಗೆದು ಒಂದು ಸಲದ್ದು ಕೈಗೆ ಕೊಟ್ಟ ಉದಾಹರಣೆಗಳು ನಮ್ಮ ಕಸುಬಿನಲ್ಲೇ ಇವೆ. ಮೊದಲಿನದು ಬಂತೋ ಬರಲಿಲ್ಲವೋ ಅಂತ ಬೆರಳು ಕೊಟ್ಟಾಕೆಗೆ ತಿಳಿಯುವ ದಾರಿ ಇಲ್ಲ.

23 ಅಕ್ಟೋಬರ್ 2023, ಸೋಮವಾರ

ಖಂಡೆ ಪೂಜೆ. ಮಷಿನ್ನಿಗೆ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟೆ. ಬೆರಳಿಡುವ ಗಾಜಿಗೆ ಮಾತ್ರ ಏನೂ ಹಚ್ಚಲಿಲ್ಲ, ಮೊದಲೇ ಅದು ಹಟಮಾರಿ. ಮಳೆ ಇಲ್ಲದೆ ಹೆಸರು ಒಣಗಿತು, ಎರಿ ಹೊಲದಲ್ಲಿ ಕಡಲೆ ಬಿತ್ತಿದವರು ಮುಗಿಲು ನೋಡುತ್ತಿದ್ದಾರೆ. ತಾಲ್ಲೂಕು ಬರ ಅಂತ ಘೋಷಣೆ ಆಗಿದೆ. ನಾಳೆ ಬನ್ನಿ ಹಬ್ಬ.

29 ಅಕ್ಟೋಬರ್ 2023, ಭಾನುವಾರ

ಪಿನ್ ಇದ್ದರೂ ಮೋಸ ಆಗುತ್ತದೆ ಅನ್ನುವುದಕ್ಕೆ ನಮ್ಮ ಓಣಿಯಲ್ಲೇ ಸಾಕ್ಷಿ ಸಿಕ್ಕಿತು.

ಕಾಕಾ ಅಂತ ನಾವೆಲ್ಲ ಕರೆಯುವ ಹಿರಿಯರು. ಹೋದ ವಾರ ಸಂತೆಯ ದಿನ ತಾಲ್ಲೂಕಿನ ಊರೊಂದರ ಎಟಿಎಮ್ಮಿಗೆ ಹೋಗಿದ್ದಾರೆ. ಕಾರ್ಡು ಹಾಕಿದರೆ ತೆಗೆದುಕೊಳ್ಳಲಿಲ್ಲ. ಹಿಂದೆ ನಿಂತಿದ್ದ ಚಂದ ಅಂಗಿಯ ಹುಡುಗ, “ತಡೀರಿ ಅಜ್ಜಾರ, ಉಲ್ಟಾ ಹಾಕೀರಿ” ಅಂತ ಕಾರ್ಡು ಇಸಿದುಕೊಂಡು ಒರೆಸಿ ಹಾಕಿಕೊಟ್ಟ. ಪಿನ್ ಒತ್ತುವಾಗ ಪಕ್ಕದಲ್ಲೇ ಇದ್ದ. ನಾಲ್ಕು ಸಾವಿರ ಬಂತು. ಕಾರ್ಡು ಹೊರಬಂದಾಗ ತಾನೇ ತೆಗೆದು ಕೈಗಿಟ್ಟು, ಕಾಲಿಗೆ ನಮಸ್ಕಾರ ಮಾಡುವವನ ಹಾಗೆ ಬಗ್ಗಿ ಹೋದ. ಕೈಗಿಟ್ಟದ್ದು ಅದೇ ಬ್ಯಾಂಕಿನ, ಅದೇ ಬಣ್ಣದ, ಬೇರೆ ಯಾರದೋ ಕಾರ್ಡು. ಸಂಜೆಗೆ ಇಪ್ಪತ್ತು ಸಾವಿರ, ಮರುದಿನ ಬೆಳಿಗ್ಗೆ ಮತ್ತೆ ಇಪ್ಪತ್ತು ಸಾವಿರ ಹೋಗಿದೆ. ಮೆಸೇಜು ಹೋಗಿದ್ದು ಮಗನ ಹಳೇ ನಂಬರಿಗೆ. ನನ್ನ ಹತ್ತಿರ ಬಂದು ಬ್ಯಾಲೆನ್ಸ್ ನೋಡಿಸಿದಾಗಲೇ ತಿಳಿದದ್ದು. ಕಾರ್ಡಿನ ಮೇಲಿನ ಹೆಸರು ನಾನು ಓದಿದೆ. ಯಾರೋ ಹೆಣ್ಣುಮಗಳದು.

ಅಲ್ಲಿಂದಲೇ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆ, ಕಾರ್ಡು ಬಂದ್ ಮಾಡಿಸಿದೆ. ಮರುದಿನ ಶಾಖೆಗೆ ಜೊತೆಗೆ ಹೋದೆ. ಕೌಂಟರಿನಲ್ಲಿ ಕೂತವರು ಪರದೆಯಿಂದ ಕಣ್ಣು ತೆಗೆಯದೆ ಹೇಳಿದರು: “ಪಿನ್ ಸರಿಯಾಗೇ ಒತ್ಯಾರಲ್ರೀ. ಅಂದ್ರ ನೀವ ಹೇಳೀರಿ. ನಮ್ಮದೇನೈತಿ?” ಕಾಕಾ ಸುಮ್ಮನೆ ಟೋಪಿ ಸರಿಮಾಡಿಕೊಂಡರು. ಕಳ್ಳನ ಮುಂದೆ ಬಾಗದವರು ಅಲ್ಲಿ ಬಾಗಿಬಿಟ್ಟರು.

ಪಿನ್ನಿನ ವಿರುದ್ಧ ಹೇಳಬೇಕಾದ ಮಾತು ಇರುವುದೇ ಇಲ್ಲಿ. ಅದು ಗಿರಾಕಿಯನ್ನು ಕಾಯುವ ಹಾಗೆ ಬ್ಯಾಂಕನ್ನೂ ಕಾಯುತ್ತದೆ. ಸಹಿಯ ಕಾಲದಲ್ಲಿ ಸಹಿ ನಿಮ್ಮದಲ್ಲ ಅಂತ ತೋರಿಸಬಹುದಿತ್ತು. ನಾಲ್ಕು ಅಂಕಿಗೆ ಕೈಬರಹ ಇಲ್ಲ. ಯಾರು ಒತ್ತಿದರೂ ಒಂದೇ. ಇಂಗ್ಲೆಂಡಿನಲ್ಲಿ 2006ರಲ್ಲಿ ಅಂಗಡಿಗಳಲ್ಲಿ ಸಹಿ ತೆಗೆದು ಚಿಪ್ಪು, ಪಿನ್ನು ಕಡ್ಡಾಯ ಮಾಡಿದ ಮೇಲೆ ಅಲ್ಲಿಯ ಗಿರಾಕಿಗಳೂ ಇದೇ ಮಾತು ಕೇಳಿದ್ದಾರೆ.

ಆದರೆ ನಮ್ಮ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಬರೆದಿರುವುದು ಬೇರೆ. ತಪ್ಪು ಗಿರಾಕಿಯದೇ ಅಂತ ರುಜುವಾತು ಮಾಡುವ ಭಾರ ಬ್ಯಾಂಕಿನದು. ಬ್ಯಾಂಕಿನದೂ ಗಿರಾಕಿಯದೂ ಅಲ್ಲದ ಮೂರನೆಯ ಕಡೆಯಿಂದ ಆದ ಮೋಸವನ್ನು, ಬ್ಯಾಂಕಿನಿಂದ ತಿಳಿವಳಿಕೆ ಬಂದ ಮೂರು ಕೆಲಸದ ದಿನದೊಳಗೆ ಹೇಳಿದರೆ ಗಿರಾಕಿಗೆ ಒಂದು ಪೈಸೆಯ ಹೊಣೆ ಇಲ್ಲ. ದೂರು ಕೊಟ್ಟ ಹತ್ತು ಕೆಲಸದ ದಿನದಲ್ಲಿ ಆ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಹಾಕಬೇಕು, 90 ದಿನದೊಳಗೆ ತೀರ್ಮಾನ ಹೇಳಬೇಕು. ಗಿರಾಕಿಯೇ ಗುಟ್ಟು ಬಿಟ್ಟುಕೊಟ್ಟಿದ್ದರೆ ದೂರು ಕೊಡುವ ತನಕದ ನಷ್ಟ ಅವನದು, ದೂರು ಕೊಟ್ಟ ಮೇಲಿನದು ಬ್ಯಾಂಕಿನದು. ಕಾಕಾ ಬಿಟ್ಟುಕೊಟ್ಟರೋ, ಕಳ್ಳ ಕದ್ದನೋ? ಇದನ್ನೇ ವಾದ ಮಾಡಬೇಕು. ಸುತ್ತೋಲೆಯ ತಾರೀಖು ಹಾಕಿ ಅರ್ಜಿ ನಾನೇ ಬರೆದೆ, ಎರಡು ಪ್ರತಿ. ಒಂದರ ಮೇಲೆ ಸೀಲು ಹಾಕಿಸಿಕೊಂಡು ಬಂದೆ. ಸೀಲು ಹಾಕಲಿಕ್ಕೆ ಅರ್ಧ ಗಂಟೆ ಎಳೆದಾಡಿದರು.

ಎಸ್‌ಬಿಐ 2020ರಿಂದ ಎಟಿಎಮ್ಮಿನಲ್ಲಿ ಹತ್ತು ಸಾವಿರದ ಮೇಲೆ ತೆಗೆಯುವಾಗ ಪಿನ್ನಿನ ಜೊತೆ ಓಟಿಪಿಯನ್ನೂ ಕೇಳುತ್ತದೆ. ಹಾಗೆ ಕೇಳಿದ್ದರೆ ಆ ಹುಡುಗ ಒಂದೇ ಸಲಕ್ಕೆ ಇಪ್ಪತ್ತು ಸಾವಿರ ಎತ್ತುತ್ತಿರಲಿಲ್ಲ. ಹಂತ ಒಂದು ಹೆಚ್ಚಾದರೆ ಗಿರಾಕಿಗೆ ತೊಂದರೆ ಅನ್ನುವವರು ಒಮ್ಮೆ ಕಾಕಾನ ಮನೆಗೆ ಬಂದು ಹೋಗಲಿ.

1 ನವೆಂಬರ್ 2023, ಬುಧವಾರ

ಕರ್ನಾಟಕ ಅನ್ನುವ ಹೆಸರಿಗೆ ಇವತ್ತಿಗೆ 50 ವರ್ಷ. ಏಕೀಕರಣಕ್ಕೆ ಹೋರಾಡಿದ ಅಂದಾನಪ್ಪ ದೊಡ್ಡಮೇಟಿಯವರ ಊರು ನಮ್ಮದು, ರಾಜ್ಯೋತ್ಸವ ಅಂದರೆ ಇಲ್ಲಿ ಸ್ವಲ್ಪ ಎದೆ ಉಬ್ಬಿಸಿಕೊಂಡೇ ಮಾಡುತ್ತಾರೆ. ಬೆಳಿಗ್ಗೆ ಧ್ವಜ, ಮಕ್ಕಳಿಗೆ ಪೇಢೆ.

ಬೆಂಗಳೂರಿನಿಂದ ಅಣ್ಣನ ಮಗಳು ಬಂದಿದ್ದಾಳೆ. ಬರುವಾಗ ದಾರಿಯಲ್ಲಿ ಪೆಟ್ರೋಲ್ ಹಾಕಿಸಿ ಕಾರ್ಡನ್ನು ಮಷಿನ್ನಿಗೆ ಮುಟ್ಟಿಸಿದಳಂತೆ, ಆಯಿತಂತೆ. ಪಿನ್ ಕೇಳಲಿಲ್ಲವಾ ಅಂದೆ. “ಐದು ಸಾವಿರದ ಒಳಗ ಕೇಳೂದಿಲ್ಲ ಅತ್ತಿ.” ಮೊದಲು ಎರಡು ಸಾವಿರ ಇದ್ದ ಮಿತಿಯನ್ನು 2021ರ ಜನವರಿಯಿಂದ ಐದಕ್ಕೆ ಏರಿಸಿದ್ದಾರೆ. ಕಾರ್ಡು ಬಿದ್ದುಹೋದರೆ ಸಿಕ್ಕವನು ಐದೈದು ಸಾವಿರದಂತೆ ಮುಟ್ಟಿಸುತ್ತಾ ಹೋಗಬಹುದಲ್ಲ ಅಂದರೆ, ದಿನದ ಮಿತಿ ಇರುತ್ತದೆ, ಮೆಸೇಜು ಬರುತ್ತದೆ ಅಂದಳು. ಆ ಸೌಲಭ್ಯವನ್ನು ಬಂದ್ ಮಾಡಿಡುವ ಗುಂಡಿಯೂ ಬ್ಯಾಂಕಿನ ಆ್ಯಪ್‌ನಲ್ಲಿ ಇದೆ. 2020ರ ಅಕ್ಟೋಬರಿನಿಂದ ಅದನ್ನು ಎಲ್ಲ ಬ್ಯಾಂಕುಗಳೂ ಕೊಡಲೇಬೇಕು. ಇಬ್ಬರೂ ಸೇರಿ ಬಂದ್ ಮಾಡಿದೆವು. ಬೆಂಗಳೂರಿಗೆ ಹೋದ ಮೇಲೆ ಮತ್ತೆ ಚಾಲೂ ಮಾಡುತ್ತಾಳೆ, ನನಗೆ ಗೊತ್ತು.

ಮುಟ್ಟಿಸುವುದನ್ನೂ ನಮ್ಮ ಕಡೆಯ ಕೆಲವು ಬಂಕುಗಳ ಪದ್ಧತಿಯನ್ನೂ ಹೋಲಿಸಿದರೆ ಯಾವುದು ಮೇಲೋ! ಇಲ್ಲಿ ಹುಡುಗ ಮಷಿನ್ ಹಿಡಿದುಕೊಂಡು ದೂರದಿಂದಲೇ ಕೂಗುತ್ತಾನೆ: “ಪಿನ್ ಹೇಳ್ರೀ ಸರ!” ಸರ್ ಕಾರಿನ ಕಿಟಕಿಯಿಂದ ತಲೆ ಹೊರಹಾಕಿ ಕೂಗಿ ಹೇಳುತ್ತಾರೆ. ಬೈಕಿನವರು, ಟಂಟಂನವರು ಎಲ್ಲರೂ ಕೇಳಿಸಿಕೊಳ್ಳುತ್ತಾರೆ.

ಅಂಗಡಿಯಲ್ಲಿ ಡೆಬಿಟ್ ಕಾರ್ಡಿಗೆ ಪಿನ್ ಕಡ್ಡಾಯ ಆದದ್ದು 2013ರ ಡಿಸೆಂಬರ್ 1ರಿಂದ. ಅದಕ್ಕೂ ಮುಂಚೆ 2009ರ ಆಗಸ್ಟಿನಲ್ಲೇ ಇಂಟರ್ನೆಟ್ ಖರೀದಿಗೆ ಎರಡನೆಯ ಗುಟ್ಟು ಬೇಕು ಅಂತ ರಿಸರ್ವ್ ಬ್ಯಾಂಕು ಹಟ ಹಿಡಿದಿತ್ತು. ಬರೀ ಕಪ್ಪು ಅಯಸ್ಕಾಂತ ಪಟ್ಟಿಯ ಕಾರ್ಡು ತೆಗೆದು ಚಿಪ್ಪಿನದು ಕೊಡಲು ಬ್ಯಾಂಕುಗಳಿಗೆ ಕೊಟ್ಟ ಗಡುವು 2018ರ ಡಿಸೆಂಬರ್ 31. ಅಮೆರಿಕದಲ್ಲಿರುವ ನಮ್ಮ ಸಂಬಂಧಿಕರು ಊರಿಗೆ ಬಂದಾಗ, ಅಲ್ಲಿ ಕ್ರೆಡಿಟ್ ಕಾರ್ಡಿಗೆ ಈಗಲೂ ಪಿನ್ ಕೇಳುವುದಿಲ್ಲ, ಹೋಟೆಲಿನವ ಕಾರ್ಡು ಒಳಗೆ ಒಯ್ದು ಉಜ್ಜಿಕೊಂಡು ಬರುತ್ತಾನೆ ಅಂದಾಗ ನಾನು ನಂಬಿರಲಿಲ್ಲ. ಮೋಸ ಆದರೆ ಅಲ್ಲಿ ಬ್ಯಾಂಕು ತಕರಾರಿಲ್ಲದೆ ತುಂಬಿಕೊಡುತ್ತದಂತೆ. ಹಾಗೆ ತುಂಬಿಕೊಡುವ ಬ್ಯಾಂಕು ಇದ್ದರೆ ಗುಟ್ಟಿಲ್ಲದೆಯೂ ನಡೆದೀತು. ಅರ್ಧ ಗಂಟೆ ಸೀಲಿಗಾಗಿ ಕಾದವರಿಗೆ ಗುಟ್ಟೇ ಗತಿ.

ಪಿನ್ನಿನ ದೊಡ್ಡ ಗುಣ ಅಂದರೆ ಬದಲಿಸಬಹುದು. 2016ರ ಅಕ್ಟೋಬರಿನಲ್ಲಿ ದೇಶದ 32 ಲಕ್ಷ ಡೆಬಿಟ್ ಕಾರ್ಡುಗಳ ವಿವರ ಸೋರಿರಬಹುದು ಅಂತ ಗೊತ್ತಾದಾಗ, ಪಿನ್ ಬದಲಿಸಿಕೊಳ್ಳಿ ಅಂತ ಬ್ಯಾಂಕುಗಳು ಸಾರಿದವು, ಕೆಲವು ಕಾರ್ಡನ್ನೇ ಹೊಸದು ಕೊಟ್ಟವು. ಮಂಗಳೂರಿನವರಿಗೆ ಬೆರಳು ಬದಲಿಸಿಕೊಳ್ಳಿ ಅಂತ ಯಾರು ಹೇಳುತ್ತಾರೆ?

7 ನವೆಂಬರ್ 2023, ಮಂಗಳವಾರ

ಅಗಸಿ ಹತ್ತಿರದ ಅಜ್ಜಿ, ಆ “ಅಜ್ಜಿ ಪಿನ್” ಕಾರ್ಡಿನಾಕೆ, ಬೆಳಿಗ್ಗೆಯೇ ಬಂದು ಕೂತಳು. “ನನಗ ಕಲಿಸು. ಬೆರಳು ಬ್ಯಾಡ, ನಂಬರ ಬೇಕು.” ಅಕ್ಷರ ಬಾರದು. ಅಂಕಿ ಚೆನ್ನಾಗಿ ಬರುತ್ತದೆ, ನೋಟು ಎಣಿಸಿದವರಿಗೆ, ಬಡ್ಡಿ ಲೆಕ್ಕ ಇಟ್ಟವರಿಗೆ ಬರದೆ ಇರುತ್ತದೆಯೇ? ಆದರೆ ಕಣ್ಣು ಮಂಜು. ಎಟಿಎಮ್ಮಿನ ಗುಂಡಿ ಕಾಣುವುದಿಲ್ಲ, ಅದಕ್ಕೇ ಯಾರನ್ನಾದರೂ ಕರೆಯಬೇಕು, ಕರೆದವರಿಗೆ ಹೇಳಬೇಕು. ಯಾರಿಗೂ ಹೇಳಬೇಡಿ ಅನ್ನುವ ಬೋರ್ಡು ಬರೆದವರಿಗೆ ಇಂಥವರ ಕಣ್ಣು ನೆನಪಿಗೆ ಬಂದಿಲ್ಲ.

ನನ್ನ ಹಳೆಯ ಬಟನ್ ಫೋನು ಬಂದ್ ಮಾಡಿ ಕೈಗೆ ಕೊಟ್ಟೆ. “ನಡುವಿನ ಗುಂಡಿ ಮ್ಯಾಲ ಬೆರಳಾಡಿಸು ಬೇ, ಏನರ ಹತ್ತತೈತಿ?” ಹೆಬ್ಬೆರಳು ಅತ್ತ ಇತ್ತ ಹರಿದಾಡಿ ನಿಂತಿತು. “ಸಣ್ಣ ಗುಳ್ಳಿ ಐತಿ.” ಅದೇ ಐದು. ಬಟನ್ ಫೋನಿರಲಿ, ಎಟಿಎಮ್ಮಿರಲಿ, ನನ್ನ ಮಷಿನ್ನಿರಲಿ, ಐದರ ಮೇಲೆ ಆ ಗುಳ್ಳೆ ಇರುತ್ತದೆ. ಮೇಲೆ ಮೂರು, ಗುಳ್ಳೆಯ ಸಾಲಿಗೆ ಮೂರು, ಕೆಳಗೆ ಮೂರು, ಎಲ್ಲಕ್ಕಿಂತ ಕೆಳಗೆ ನಡುವೆ ಸೊನ್ನೆ. ಕೇಳುತ್ತ ಕೇಳುತ್ತ ಅಜ್ಜಿ, “ರಂಗೋಲಿ ಚುಕ್ಕಿ ಇಟ್ಟಂಗ ಐತಲ್ಲ” ಅಂದಳು. ಅಲ್ಲಿಂದ ಮುಂದೆ ನಾನು ಕಲಿಸುವುದು ಏನೂ ಉಳಿಯಲಿಲ್ಲ. ಗುಳ್ಳೆಯಿಂದ ಒಂದು ಚುಕ್ಕಿ ಮೇಲೆ, ಒಂದು ಪಕ್ಕಕ್ಕೆ ಅಂತ ತಾನೇ ಲೆಕ್ಕ ಹಾಕತೊಡಗಿದಳು. ಇನ್ನೊಂದು ಕೈಯನ್ನು ಗುಂಡಿಗಳ ಮೇಲೆ ಮರೆಮಾಡಿ ಹಿಡಿ ಅಂದೆ. ಅದು ಮಾತ್ರ ಕಷ್ಟವಾಯಿತು. “ಯಾಕ್ ಮುಚ್ಚಬೇಕು, ನೀ ಏನ್ ಕಳ್ಳಿ ಏನು?”

ನಟ್ಟನಡುವೆ ಮೇಲಿಂದ ಕೆಳಕ್ಕೆ ಒಂದೇ ಗೆರೆ ಬೇಡ ಅಂದೆ. 2580 ಅನ್ನುವ ಆ ಗೆರೆ ಕಳ್ಳರು ಮೊದಲು ಊಹಿಸುವ ಪಿನ್ನುಗಳಲ್ಲಿ ಒಂದು. 1234 ಬೇಡ, ಹುಟ್ಟಿದ ತಾರೀಖೂ ಬೇಡ. ನಮ್ಮ ಕಡೆ ಹುಟ್ಟಿದ ತಾರೀಖು ಇಟ್ಟರೆ ಇನ್ನೂ ಅನಾಹುತ. ಮಾಸ್ತರು ಶಾಲೆಗೆ ಸೇರಿಸುವಾಗ ಎಲ್ಲರಿಗೂ ಜೂನ್ 1 ಬರೆದಿದ್ದಾರೆ, ಅರ್ಧ ಊರಿನ ಪಿನ್ನು 0106 ಆಗಿಬಿಡುತ್ತದೆ.

ನಾಲ್ಕೇ ಅಂಕಿ ಯಾಕೆ ಅಂತ ಅಜ್ಜಿಯ ಮೊಮ್ಮಗಳು ಕೇಳಿದಳು. 1967ರ ಜೂನ್ 27ರಂದು ಲಂಡನ್ನಿನ ಎನ್‌ಫೀಲ್ಡಿನಲ್ಲಿ ಬಾರ್ಕ್ಲೇಸ್ ಬ್ಯಾಂಕು ಇಟ್ಟ ರೊಕ್ಕದ ಮಷಿನ್ ಮಾಡಿದವನು ಜಾನ್ ಶೆಫರ್ಡ್ ಬ್ಯಾರನ್, ಹುಟ್ಟಿದ್ದು ನಮ್ಮ ಶಿಲ್ಲಾಂಗಿನಲ್ಲಿ. ಆರು ಅಂಕಿ ಇಡಬೇಕೆಂದಿದ್ದನಂತೆ. ಅಡುಗೆಮನೆಯಲ್ಲಿ ಹೆಂಡತಿಯನ್ನು ಕೇಳಿದರೆ ತನಗೆ ನಾಲ್ಕಕ್ಕಿಂತ ಹೆಚ್ಚು ನೆನಪಿರುವುದಿಲ್ಲ ಅಂದಳಂತೆ. ಹಾಗಂತ ಅವನೇ ಹೇಳಿಕೊಂಡಿದ್ದಾನೆ. ಪಿನ್ನಿನ ಪೇಟೆಂಟಿಗೆ ಮಾತ್ರ ಅದಕ್ಕೂ ಹಿಂದಿನ ವರ್ಷವೇ ಸ್ಕಾಟ್ಲೆಂಡಿನ ಜೇಮ್ಸ್ ಗುಡ್‌ಫೆಲೋ ಅರ್ಜಿ ಹಾಕಿದ್ದ. ನಾಲ್ಕು ಅಂಕಿಯಲ್ಲಿ ಹತ್ತು ಸಾವಿರ ಬಗೆ. ಕಡಿಮೆ ಅನಿಸುತ್ತದೆ. ಆದರೆ ಮೂರು ಸಲ ತಪ್ಪಿದರೆ ಕಾರ್ಡು ಬಂದ್ ಆಗುವುದರಿಂದ ಕಳ್ಳನಿಗೆ ಸಿಗುವುದು ಮೂರೇ ಅವಕಾಶ.

ಮಧ್ಯಾಹ್ನದ ಬಸ್ಸಿಗೆ ನರೇಗಲ್ಲಿಗೆ ಹೋಗಿ ಎಟಿಎಮ್ಮಿನಲ್ಲಿ ಹೊಸ ಪಿನ್ ಮಾಡಿಸಿದೆ. ಓಟಿಪಿಗೆ ಮೊಮ್ಮಗಳ ಫೋನು ಇತ್ತು. ಒತ್ತುವ ಹೊತ್ತಿಗೆ ನಾವಿಬ್ಬರೂ ಹೊರಗೆ ನಿಂತೆವು. ಗಾಜಿನ ಬಾಗಿಲ ಹಿಂದೆ ಅಜ್ಜಿ ಸೆರಗು ಇಡೀ ಮಷಿನ್ನಿನ ಮೇಲೆ ಹೊದಿಸಿದ್ದಳು.

14 ನವೆಂಬರ್ 2023, ಮಂಗಳವಾರ

ಹಟ್ಟಿಹಬ್ಬದ ಪಾಡ್ಯ. ಹಬ್ಬಕ್ಕೆ ಊರಿಗೆ ಬಂದ ಅಜ್ಜಿಯ ಮಗ ಸಂಜೆ ಕೋಣೆಯ ಬಾಗಿಲಿಗೆ ಬಂದು ನಿಂತ. ಮುಖ ಗಂಟು.

“ಅಕ್ಕಾರ, ನಮ್ಮವ್ವನ ಕಾರ್ಡಿನ ನಂಬರ ಬದಲ ಮಾಡಿಸೀರಂತ.”

“ಆಕಿನ ಮಾಡಿಕೊಂಡಾಳಪ್ಪಾ.”

“ಏನೈತಿ ಅದು?”

“ನನಗ ಗೊತ್ತಿಲ್ಲ.”

“ನಿಮಗ ಗೊತ್ತಿಲ್ಲ ಅಂದ್ರ? ನಾಳೆ ಮುದುಕಿ ಹಾಸಿಗಿ ಹಿಡಿದ್ರ ರೊಕ್ಕ ಯಾರು ತಗೀಬೇಕು?”

ಅವನ ಪ್ರಶ್ನೆ ಸುಳ್ಳಲ್ಲ. ಅದಕ್ಕೆ ಉತ್ತರವೂ ಇದೆ. ಹಾಸಿಗೆ ಹಿಡಿದವರ ಮನೆಗೇ ಹೋಗಿ ರೊಕ್ಕ ಕೊಡಬೇಕು ಅಂತ ನಮಗೆ ಹೇಳಿದ್ದಾರೆ, ಜಂಟಿ ಖಾತೆ ಮಾಡಬಹುದು, ನಾಮಿನಿ ಬರೆಸಬಹುದು. ಅದಕ್ಕೆಲ್ಲ ತಾಯಿಯ ಒಪ್ಪಿಗೆ ಬೇಕು. ಪಿನ್ ಇಸಿದುಕೊಂಡರೆ ಒಪ್ಪಿಗೆ ಬೇಕಿಲ್ಲ. ಎಟಿಎಮ್ ಕಳ್ಳನದೂ ಮಂಗಳೂರು ಕಡೆಯ ಮೋಸದ್ದೂ ಪೇಪರಿನಲ್ಲಿ ಬರುತ್ತದೆ, ಮನೆಯೊಳಗೆ ತಾಯಿಯ ಪಗಾರ ಎತ್ತಿಕೊಂಡದ್ದು ಯಾವ ಠಾಣೆಗೂ ಹೋಗುವುದಿಲ್ಲ. ಈ ಮಗ ಅಂಥವನು ಅಂತ ನಾನು ಬರೆಯುತ್ತಿಲ್ಲ. ಗೃಹಲಕ್ಷ್ಮಿ ಬಂದ ದಿನವೇ ಹೆಂಡತಿಯ ಬೆರಳು ಹಿಡಿದು ಕರೆತಂದು, ರೊಕ್ಕ ತನ್ನ ಜೇಬಿಗೆ ಇಳಿಸಿ ಹೋಗುವವರನ್ನು ಈ ಮೇಜಿನ ಹಿಂದಿನಿಂದ ನೋಡುತ್ತಲೇ ಇದ್ದೇನೆ.

“ನಿಮ್ಮವ್ವನ್ನ ಕೇಳು. ಹೇಳಿದ್ರ ಹೇಳ್ತಾಳ.”

“ಕೇಳೀನಿ. ಮರತೇನಿ ಅಂತಾಳ.”

ನಿನ್ನೆಯಷ್ಟೇ ಆಕೆ ನನ್ನ ಮಷಿನ್ನಿನಲ್ಲಿ ಐನೂರು ತೆಗೆದುಕೊಂಡು ಹೋಗಿದ್ದಾಳೆ, ಒಂದೇ ಸಲಕ್ಕೆ ಸರಿಯಾಗಿ ಒತ್ತಿ. ಅದನ್ನು ಅವನಿಗೆ ಹೇಳಲಿಲ್ಲ. ಜಂಟಿ ಖಾತೆಯ ಫಾರಂ ಕೊಟ್ಟು, ತಾಯಿಯನ್ನು ಕರೆದುಕೊಂಡು ಬಾ ಅಂದೆ. ಕಾಕಾನ ಅರ್ಜಿಗೆ ಹತ್ತನೆಯ ಕೆಲಸದ ದಿನವೂ ದಾಟಿಬಿಟ್ಟಿತು, ಖಾತೆಗೆ ಇನ್ನೂ ಏನೂ ಬಿದ್ದಿಲ್ಲ. ನಾಳೆ ಶಾಖೆ ತೆರೆಯುವ ಹೊತ್ತಿಗೆ ಅಲ್ಲಿರಬೇಕು, ಸೀಲು ಬಿದ್ದ ಪ್ರತಿ ತೆಗೆದುಕೊಂಡು.